ಮಟನ್‌ಗೆ ಹಚ್ಚುವ ಪುಡಿ

ಮಾಂಸದ ಮೇಲೆ ಮಸಾಲೆ ಸುರಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಸುರಿಯೋಕೆ ಅದೇನು ಗೊಬ್ಬರಾನಾ? ಹಚ್ಚಬೇಕು ಕಣ್ರೀ. ಎಳೇ ಮಗೂಗೆ ಎಣ್ಣೆ ಹಚ್ತೀವಲ್ಲ, ಹಾಗೆ. ಸಂದುಗೊಂದು ಬಿಡದೆ" ಎನ್ನುತ್ತಿದ್ದರು. ಹೇಳುವಾಗ ಎಡಗೈಯ ಮೇಲೆ ಬಲಗೈಯ ಬೆರಳುಗಳನ್ನು ಒತ್ತಿ ಒತ್ತಿ ತೋರಿಸುವರು. ಉಗುರಿನ ಅಂಚಿನಲ್ಲಿ ವರ್ಷವಿಡೀ ಅಳಿಸದ ಅರಿಶಿನದ ಗೆರೆ.

ಅವರು ನನ್ನ ಸಹೋದ್ಯೋಗಿ. ಬಸವನಗುಡಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವರು ಗೃಹ ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ. ತೊಂಬತ್ತರ ದಶಕದ ಮೊದಮೊದಲಿಗೆ ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ನಲವತ್ತು ದಾಟಿತ್ತು. ಗಿಡ್ಡ ಆಳು, ಗಟ್ಟಿ ದನಿ, ಮಡಿಕೆ ಮುರಿಯದ ಹತ್ತಿ ಸೀರೆ. ಉಳಿದ ಟೀಚರುಗಳನ್ನು ಅವರು ಪಾಠದ ಹೆಸರಿನಿಂದಲೇ ಕರೆಯುವರು. "ಏನ್ರೀ ಗಣಿತ, ಮುಖ ಯಾಕೆ ಬಾಡಿದೆ?" "ಬನ್ನಿ ಹಿಂದಿ, ಕಾಫಿ ಕುಡಿಯೋಣ." ನಾನು ಅವರ ಬಾಯಲ್ಲಿ "ಕನ್ನಡ" ಆದೆ. ಅವರನ್ನು ತಿರುಗಿ "ಗೃಹ ವಿಜ್ಞಾನ" ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಆ ಶಾಲೆಯಲ್ಲಿ ಬರೀ ಮೇಡಂ ಎಂದರೆ ಅವರು. ನಾನೂ ಹಾಗೇ ಕರೆಯುತ್ತೇನೆ.

ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಉದ್ದನೆಯ ಮೇಜಿತ್ತು. ಆ ಮೇಜಿನ ಮೇಲೆ ಮೊಸರನ್ನ, ಪುಳಿಯೋಗರೆ, ಚಪಾತಿ ಪಲ್ಯ ಬಿಟ್ಟು ಬೇರೇನೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಹಾಗೆಂದು ಬೋರ್ಡು ಹಾಕಿರಲಿಲ್ಲ. ಬೋರ್ಡು ಹಾಕುವ ಅಗತ್ಯವೇ ಬಿದ್ದಿರಲಿಲ್ಲ. ನಾನು ಸೇರಿದ ಎರಡನೆಯ ವಾರ ಮೇಡಂ ತಮ್ಮ ಸ್ಟೀಲಿನ ಡಬ್ಬಿ ತೆರೆದರು. ಒಳಗೆ ಮಸಾಲೆ ಹಚ್ಚಿ ಕಾವಲಿಯ ಮೇಲೆ ಹುರಿದ ಚಾಪ್ಸ್. ಎದುರಿಗಿದ್ದವರು ಕುರ್ಚಿ ಸರಿಸಿದ ಸದ್ದು ಕೇಳಿಸಿತು. ಇನ್ನೊಬ್ಬರು ಸೆರಗನ್ನು ಮೂಗಿಗೆ ಒತ್ತಿಕೊಂಡರು.

ಮೇಡಂ ತಲೆ ಎತ್ತದೆ ಹೇಳಿದರು, "ಮೇಜು ಉದ್ದ ಇದೆ. ಕಿಟಕಿ ಆ ಕಡೆ ಇದೆ. ನಾನು ಎದ್ದು ಹೋಗಲ್ಲ."

ಹೇಳಿ, ಎಲುಬನ್ನು ಕೈಯಲ್ಲೇ ಹಿಡಿದು ತಿಂದರು.

ನನ್ನ ಸ್ಥಿತಿ ಬೇರೆಯೇ ಆಗಿತ್ತು. ಆ ಘಮ ನನಗೆ ನನ್ನ ಅಮ್ಮನ ಅಡುಗೆಮನೆಯದು. ಬಾಯಲ್ಲಿ ನೀರೂರುತ್ತಿದ್ದರೂ ಮೊಸರನ್ನ ಕಲಸುತ್ತ ಕೂತೆ. ನಾವೂ ತಿನ್ನುವ ಮನೆಯವರೇ. ಆದರೆ ಇಂಟರ್‌ವ್ಯೂ ದಿನದಿಂದಲೂ ನಾನು ಅದನ್ನು ಎಲ್ಲೂ ಬಾಯಿಬಿಟ್ಟಿರಲಿಲ್ಲ. ಯಾರಾದರೂ ಕೇಳಿದರೆ "ನಾವು ಅಷ್ಟಾಗಿ ಮಾಡಲ್ಲ" ಎಂದು ಹೇಳಿ ನಕ್ಕುಬಿಡುತ್ತಿದ್ದೆ. ಹನುಮಂತನಗರದಲ್ಲಿ ನಾವಿದ್ದ ಬಾಡಿಗೆ ಮನೆಯೂ ಅಂಥದೇ ಒಂದು ಮಾತಿನ ಮೇಲೆ ಸಿಕ್ಕಿದ್ದು. ಮುಂದುಗಡೆ ಮಾಲೀಕರು, ಹಿಂದುಗಡೆ ನಾವು. ಮಾಲೀಕರು ಕೇಳಿದಾಗ ನನ್ನ ಗಂಡ ಕಣ್ಣು ಮಿಟುಕಿಸದೆ "ನಾವು ಶುದ್ಧ ಸಸ್ಯಾಹಾರಿ ಸಾರ್" ಎಂದಿದ್ದರು. ಹಾಗಾಗಿ ಭಾನುವಾರ ಬಂತೆಂದರೆ ನಮ್ಮ ಮನೆ ಒಂದು ಕಳ್ಳರ ಗುಹೆ. ಕಿಟಕಿಗಳು ಮುಚ್ಚಿದವು, ಬಾಗಿಲ ಸಂದಿಗೆ ಒದ್ದೆ ಬಟ್ಟೆ, ಪ್ರತಿ ಮೂಲೆಯಲ್ಲೂ ಊದುಬತ್ತಿ. ಮೂಳೆಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಗಂಡ ಸ್ಕೂಟರಿನಲ್ಲಿ ಬೇರೆ ಬಡಾವಣೆಗೆ ಹೋಗಿ ಎಸೆದು ಬರುತ್ತಿದ್ದರು.

ಒಂದು ಸೋಮವಾರ ಕಾರಿಡಾರಿನಲ್ಲಿ ಮೇಡಂ ನನ್ನ ಪಕ್ಕ ನಡೆಯುತ್ತ ಮೆಲ್ಲಗೆ ಹೇಳಿದರು, "ಕನ್ನಡ, ನಿಮ್ಮನೇಲಿ ಲವಂಗ ಜಾಸ್ತಿ ಹಾಕ್ತೀರಿ. ಸೋಮವಾರದ ಸೀರೇಲಿ ಗೊತ್ತಾಗುತ್ತೆ."

ನಾನು ಹಿಂದೆ ಮುಂದೆ ನೋಡಿದೆ. "ಮೇಡಂ, ದಯವಿಟ್ಟು ಯಾರಿಗೂ..." ಎಂದೆ.

"ಯಾರಿಗೆ ಹೇಳ್ಲಿ? ಶನಿವಾರ ಮಧ್ಯಾಹ್ನ ನಮ್ಮನೆಗೆ ಬನ್ನಿ. ಲವಂಗ ಎಷ್ಟು ಹಾಕಬೇಕು ತೋರಿಸ್ತೀನಿ."

ಅವರ ಮನೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿತ್ತು. ತಂದೆಯದು ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಅವರು ಕಟ್ಟಿಸಿದ ಎರಡು ಕೋಣೆಯ ಮನೆ ಮಗಳಿಗೆ ಬಂದಿತ್ತು. ನಾನು ಹೋದಾಗ ಎರಡು ಕೋಣೆಯಲ್ಲೂ ಕಿಟಕಿಗಳು ತೆರೆದಿದ್ದವು. ಬೀದಿ ಬಾಗಿಲೂ ತೆರೆದಿತ್ತು. ಜಗುಲಿಯ ಮೇಲೆ ಬಿಳಿ ಪಂಚೆ ಹಾಸಿ ಬ್ಯಾಡಗಿ ಮೆಣಸಿನಕಾಯಿ ಹರವಿದ್ದರು. ಒಳಗೆ ಅವರ ಯಜಮಾನರು ಸ್ಟೌವಿನ ಮುಂದೆ ಮಣೆ ಹಾಕಿಕೊಂಡು ಕೊತ್ತಂಬರಿ ಬೀಜ ಹುರಿಯುತ್ತಿದ್ದರು. ಅಂಚೆ ಕಚೇರಿಯಲ್ಲಿ ಗುಮಾಸ್ತರು. ಮಾತು ಕಡಿಮೆ. ಮದುವೆಗೆ ಮುಂಚೆಯೇ ಯಾವುದೋ ಮಠಕ್ಕೆ ನಡೆದುಕೊಂಡು ಮಾಂಸ ಬಿಟ್ಟವರು. ಆದರೆ ಹೆಂಡತಿಯ ಮಸಾಲೆ ಹುರಿಯುವ ಕೆಲಸ ಅವರದೇ.

"ಇವರ ಮೂಗು ನನಗಿಂತ ಚೆನ್ನಾಗಿದೆ ಕಣ್ರೀ. ಕೊತ್ತಂಬರಿ ಇನ್ನೇನು ಸೀಯುತ್ತೆ ಅನ್ನೋಕೆ ಮುಂಚೇನೇ ಇಳಿಸ್ತಾರೆ" ಎಂದರು ಮೇಡಂ.

"ನೀವು ತಿನ್ನಲ್ವಾ ಸಾರ್?" ಎಂದು ನಾನು ಕೇಳಿಬಿಟ್ಟೆ.

ಅವರು ನಾಚಿದವರಂತೆ ನಕ್ಕರು. ಉತ್ತರ ಕೊಟ್ಟವರು ಮೇಡಂ. "ಅವರು ತಿನ್ನಲ್ಲ, ನಾನು ತಿಂತೀನಿ. ಅವರಿಗೆ ಹುರುಳಿಕಾಯಿ ಪಲ್ಯ ಮಾಡೋಳೂ ನಾನೇ. ಇದ್ರಲ್ಲಿ ಜಗಳ ಎಲ್ಲಿದೆ? ತಿನ್ನದೇ ಇರೋರ ಮೇಲೆ ನನಗೇನ್ ಕೋಪ? ಬಚ್ಚಿಟ್ಟುಕೊಂಡು ತಿನ್ನಿ ಅನ್ನೋರ ಮೇಲೆ ಕೋಪ."

ಅವತ್ತು ಕಲಿತದ್ದು ಈಗಲೂ ಕೈಗೆ ನೆನಪಿದೆ. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಕಲ್ಲುಹೂವನ್ನು ಬಿಡಿಸಿ ಮರಳು ಕೊಡವಬೇಕು, ಇಲ್ಲದಿದ್ದರೆ ಹಲ್ಲಿಗೆ ಸಿಕ್ಕುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಕರಿಮೆಣಸು, ಚಕ್ಕೆ ಬೆರಳುದ್ದ ಸಾಕು, ಲವಂಗ ಎಣಿಸಿ ಹಾಕುವುದು, ಸೋಂಪು ಕೊನೆಗೆ. ಹುರಿದದ್ದು ಬಟ್ಟೆಯ ಮೇಲೆ ಆರಬೇಕು, ಪೇಪರಿನ ಮೇಲಲ್ಲ. ಪೇಪರಿನ ಮಸಿಗೂ ಒಂದು ವಾಸನೆಯಿದೆ. ಆಮೇಲೆ ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟುವುದು. ನುಣ್ಣಗಾಗಬಾರದು, ಬೆರಳಿಗೆ ತರಿ ಹತ್ತಬೇಕು. ಮಾಂಸವನ್ನು ತೊಳೆದು ಒಣಬಟ್ಟೆಯಲ್ಲಿ ಒರೆಸಿ, ಚಾಕುವಿನಿಂದ ಗೀರು ಹಾಕಿ, ಉಪ್ಪು, ಅರಿಶಿನ, ನಿಂಬೆರಸ ಹಚ್ಚಿ, ಆಮೇಲೆ ಪುಡಿ. ಹಚ್ಚುವಾಗ ಅವರು ಬಳೆ ತೆಗೆದಿಟ್ಟರು. ಅಂಗೈಯ ಬುಡದಿಂದ ಒತ್ತುತ್ತ, ಮಾತು ನಿಲ್ಲಿಸಿ, ತುಟಿ ಬಿಗಿಹಿಡಿದು ಹಚ್ಚಿದರು. ಅಷ್ಟು ಹೊತ್ತು ಅವರು ಮಾತಾಡದೆ ಇದ್ದುದನ್ನು ನಾನು ಶಾಲೆಯಲ್ಲಿ ಎಂದೂ ಕಂಡಿರಲಿಲ್ಲ.

ಒಮ್ಮೆ ಅವರೂ ನಮ್ಮ ಮನೆಗೆ ಬಂದರು, ಹೇಳದೆ ಕೇಳದೆ, ಒಂದು ಭಾನುವಾರ. ಮುಚ್ಚಿದ ಕಿಟಕಿಗಳನ್ನೂ ಹೊಗೆಯನ್ನೂ ನೋಡಿದರು. ಈಗ ಎದ್ದು ಕಿಟಕಿ ತೆಗೆದುಬಿಡುತ್ತಾರೆ ಎಂದು ನನಗೆ ದಿಗಿಲು. ಅವರು ತೆಗೆಯಲಿಲ್ಲ. ನನ್ನ ಎರಡು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಿಮ್ಮನೆ, ನಿಮ್ಮ ಕಿಟಕಿ. ಆದ್ರೆ ಈ ಹೊಗೇಲಿ ಮಗು ಕೆಮ್ತಾ ಇದೆ ನೋಡಿ" ಎಂದಷ್ಟೇ ಹೇಳಿ, ಕೊಟ್ಟದ್ದನ್ನು ಉಂಡು ಹೋದರು.

ಇಷ್ಟಾಗಿ ಕೆಲವು ವರ್ಷಗಳ ನಂತರ ನಡೆದದ್ದು ಆ ವಸ್ತುಪ್ರದರ್ಶನದ ಗಲಾಟೆ.

ವರ್ಷಕ್ಕೊಮ್ಮೆ ನಮ್ಮ ಶಾಲೆಯಲ್ಲಿ ಮಕ್ಕಳ ವಸ್ತುಪ್ರದರ್ಶನ ನಡೆಯುತ್ತಿತ್ತು. ಆ ಸಲ ಗೃಹ ವಿಜ್ಞಾನದ ಮೇಜಿಗೆ ಮೇಡಂ "ನಮ್ಮ ಮನೆಯ ಪುಡಿಗಳು" ಎಂದು ಹೆಸರಿಟ್ಟರು. ಪ್ರತಿ ಹುಡುಗಿಯೂ ಮನೆಯಲ್ಲಿ ಮಾಡಿದ ಒಂದು ಪುಡಿ ತರಬೇಕು. ಸೀಸೆಯ ಮೇಲೆ ಪುಡಿಯ ಹೆಸರು, ಕೆಳಗೆ ಮಾಡಿದವರ ಹೆಸರು, ಅಮ್ಮನದೋ ಅಜ್ಜಿಯದೋ, ಸ್ವಂತ ಅಕ್ಷರದಲ್ಲಿ ಬರೆಯಬೇಕು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಬಂದವು. ಹತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನಮ್ಮನೇಲಿ ಮಟನ್‌ಗೆ ಹಚ್ಚೋ ಪುಡಿ ಮಾಡ್ತಾರೆ. ತರಬಹುದಾ?" ಎಂದು ಕೇಳಿದಳಂತೆ.

"ತಗೊಂಬಾ. ಅಮ್ಮನ ಹೆಸರು ದೊಡ್ಡದಾಗಿ ಬರಿ."

ಒಬ್ಬಳು ಕೇಳಿದ್ದೇ ತಡ, ಉಳಿದವರಿಗೆ ಬಾಯಿ ಬಂತು. ಮೀನಿಗೆ ಹಚ್ಚುವ ಪುಡಿ, ಕೋಳಿಗೆ ಹಚ್ಚುವ ಪುಡಿ. ಕೆಳಗೆ ತಾಯಂದಿರ ಹೆಸರು, ಕೆಲವದರಲ್ಲಿ ಕಾಗುಣಿತ ತಪ್ಪಿತ್ತು. ಅಷ್ಟು ಮನೆಗಳಲ್ಲಿ ಅದು ಇದೆಯೆಂದು ಇಷ್ಟು ವರ್ಷ ಪಾಠ ಮಾಡಿದ ನನಗೂ ಗೊತ್ತಿರಲಿಲ್ಲ. ಅವರೆಲ್ಲ ನನ್ನ ಹಾಗೇ ಮೊಸರನ್ನದ ಡಬ್ಬಿ ತರುತ್ತಿದ್ದವರು.

ಪ್ರದರ್ಶನದ ಹಿಂದಿನ ಸಂಜೆ ಆಡಳಿತ ಮಂಡಳಿಯ ಕಾರ್ಯದರ್ಶಿ ಎಲ್ಲ ಮೇಜುಗಳನ್ನೂ ನೋಡುತ್ತ ಬಂದರು. ಸೀಸೆಗಳ ಮುಂದೆ ನಿಂತು ಓದಿದರು. "ಏನ್ ಮೇಡಂ ಇದು? ಶಾಲೆಯಲ್ಲಿ ಮಾಂಸ?"

"ಮಾಂಸ ಎಲ್ಲಿದೆ ಸಾರ್? ಕೊತ್ತಂಬರಿ ಇದೆ, ಮೆಣಸಿದೆ. ಮೂಸಿ ನೋಡಿ."

"ನಾನ್ಯಾಕೆ ಮೂಸಲಿ? ನಾಳೆ ದೊಡ್ಡ ದೊಡ್ಡವರು ಬರ್ತಾರೆ. ತೆಗೀರಿ ಅಂತ ಹೇಳ್ತಿಲ್ಲ ನಾನು. ಚೀಟಿ ಬದಲಾಯಿಸಿ, ಸಾಕು. ಎಲ್ಲದಕ್ಕೂ ಗರಂ ಮಸಾಲೆ ಅಂತ ಬರೆದ್ಬಿಡಿ."

"ಅದು ಗರಂ ಮಸಾಲೆ ಅಲ್ಲ ಸಾರ್. ಅದಕ್ಕೊಂದು ಹೆಸರಿದೆ. ಮಾಡಿದೋರಿಗೂ ಒಂದು ಹೆಸರಿದೆ. ನಾನು ಬದಲಾಯಿಸಲ್ಲ."

ಕಾರ್ಯದರ್ಶಿ ಸುತ್ತ ನೋಡಿದರು. ನಾನು ಪಕ್ಕದ ಮೇಜಿನಲ್ಲಿ ಕನ್ನಡದ ಫಲಕಗಳನ್ನು ಬರೆಯುತ್ತಿದ್ದೆ. ನನ್ನ ಅಕ್ಷರ ಚೆನ್ನಾಗಿದೆಯೆಂದು ಶಾಲೆಯಲ್ಲೆಲ್ಲ ಹೆಸರು. "ಕನ್ನಡ ಮೇಡಂ, ನೀವು ಬರೆದು ಅಂಟಿಸ್ಬಿಡಿ" ಎಂದರು.

ಮೇಡಂ ನನ್ನನ್ನೇ ನೋಡಿದರು. ನಾನು ಅವರನ್ನು ನೋಡಲಿಲ್ಲ. ಪೆನ್ನು ತೆಗೆದುಕೊಂಡೆ. ಒಂದೊಂದು ಚೀಟಿಯ ಮೇಲೂ ದುಂಡಗೆ "ಗರಂ ಮಸಾಲೆ" ಎಂದು ಬರೆದು, ಆ ತಾಯಂದಿರ ಹೆಸರುಗಳು ಮುಚ್ಚುವಂತೆ ಅಂಟಿಸಿದೆ. ಮುಗಿಸಿ ತಲೆ ಎತ್ತಿದಾಗ ಮೇಡಂ ಅಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವರು ಕೊಳಾಯಿಯ ಹತ್ತಿರ ಬಕೆಟ್ಟಿನ ನೀರಿನಲ್ಲಿ ಸೀಸೆಗಳನ್ನು ನೆನೆಸಿ ಚೀಟಿ ಕೀಳುತ್ತಿದ್ದರು. ಸುತ್ತ ಹುಡುಗಿಯರು. ನನ್ನ ಚೀಟಿಯ ಜೊತೆ ಕೆಳಗಿನದೂ ಕಿತ್ತು ಬರುತ್ತಿತ್ತು. ಹುಡುಗಿಯರು ಮೆಟ್ಟಿಲ ಮೇಲೆ ಕೂತು ಮತ್ತೆ ಬರೆದರು. ಬರೆದಾದ ಮೇಲೆ ಮೇಡಂ ಸೀಸೆಗಳನ್ನೆಲ್ಲ ಎರಡು ಬುಟ್ಟಿಗೆ ತುಂಬಿಕೊಂಡು ಗೇಟು ದಾಟಿ ಹೊರಗೆ ಹೋದರು.

ಗೇಟಿನ ಹೊರಗೆ ಹೊಂಗೆಮರದ ಕೆಳಗೆ ಇಸ್ತ್ರಿಯವನ ತಳ್ಳುಗಾಡಿ ಇತ್ತು. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ತಗೊಳ್ಳಿ ಅಮ್ಮಾ, ಇವತ್ತು ಬಟ್ಟೆ ಕಮ್ಮಿ" ಎಂದು ಗಾಡಿ ಬಿಟ್ಟುಕೊಟ್ಟನಂತೆ. ಅದರ ಮೇಲೆ ಬಿಳಿ ಪಂಚೆ ಹಾಸಿ ಸೀಸೆಗಳನ್ನು ಜೋಡಿಸಿದರು. ಫುಟ್‌ಪಾತು ಶಾಲೆಯದಲ್ಲ. ಯಾರೂ ತಡೆಯುವಂತಿರಲಿಲ್ಲ. ಒಳಗೆ ಬರುವ ಪ್ರತಿಯೊಬ್ಬರೂ ಅದನ್ನು ದಾಟಿಯೇ ಬರಬೇಕು.

ನಾನು ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ. ಬಂದ ಗಣ್ಯರು ನಿಂತು ಓದಿದರು. ಕೆಲವರು ನಕ್ಕರು, ಒಬ್ಬರು ಮುಖ ಗಂಟಿಕ್ಕಿ ಒಳಗೆ ನಡೆದರು. ಆಮೇಲೆ ತಾಯಂದಿರು ಬಂದರು. ಶಾಲೆಗೆ ಬಂದಾಗಲೆಲ್ಲ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ ಹೆಂಗಸರು ಅವರು. ಮೊದಲು ಎದ್ದು ಕೇಳಿದ್ದ ಆ ಹುಡುಗಿಯ ತಾಯಿ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವವಳು. ಓದು ಬರುತ್ತಿರಲಿಲ್ಲವೆಂದು ತೋರುತ್ತದೆ. ಹುಡುಗಿ ಅವಳ ಬೆರಳು ಹಿಡಿದು ಸೀಸೆಯ ಮೇಲೆ ಒಂದೊಂದೇ ಅಕ್ಷರದ ಮೇಲೆ ಓಡಿಸಿದಳು. ಆ ತಾಯಿ ಸೀಸೆ ಎತ್ತಿ, ಮುಚ್ಚಳ ತೆಗೆದು, ದಾರಿಯಲ್ಲಿ ಹೋಗುವವರಿಗೆಲ್ಲ ಮೂಸಿ ನೋಡಲು ಹಿಡಿಯತೊಡಗಿದಳು. ಅವಳ ದನಿ ಮಹಡಿಯವರೆಗೂ ಕೇಳುತ್ತಿತ್ತು. "ನಾನೇ ಮಾಡಿದ್ದು ಸಾಮಿ! ನಾನೇ ಕುಟ್ಟಿದ್ದು!"

ನಾನು ಕೆಳಗೆ ಇಳಿಯಲಿಲ್ಲ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಚಿತ್ರ ಸುಳ್ಳಾಗುತ್ತದೆ.

ಎರಡು ದಿನ ಮೇಡಂ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಪಕ್ಕದಲ್ಲಿ ಬಂದು ಕೂತರು. ಬೈಯುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ತಮ್ಮ ಕಥೆ.

"ಟೀಚರ್ಸ್ ಟ್ರೈನಿಂಗ್ ಮಾಡುವಾಗ ಹಾಸ್ಟೆಲ್‌ನಲ್ಲಿದ್ದೆ ಕನ್ನಡ. ರೂಮಿನವರಿಗೆಲ್ಲ ನಾನು ವೆಜ್ಜು ಅಂತ ಹೇಳಿದ್ದೆ. ಒಂದಿನ ನಮ್ಮಮ್ಮ ಬಸ್ ಸ್ಟ್ಯಾಂಡಿಂದ ನಡಕೊಂಡು ಬಂದ್ಲು, ಮಸಾಲೆ ಹಚ್ಚಿ ಹುರಿದ ಮಾಂಸ ಡಬ್ಬೀಲಿ ಹಾಕ್ಕೊಂಡು. ಗೆಳತಿಯರ ಮುಂದೆ ಮುಚ್ಚಳ ತೆಗೆದ್ಲು. ನಾನು ಏನಂದೆ ಗೊತ್ತಾ? 'ಇದೇನಮ್ಮಾ, ಯಾರದ್ದೋ ಡಬ್ಬಿ ತಂದಿದ್ದೀಯ, ನಾವು ಇದೆಲ್ಲ ತಿನ್ನಲ್ವಲ್ಲ' ಅಂದೆ. ಅಮ್ಮ ನನ್ನ ಮುಖ ನೋಡಿದ್ಲು. 'ಹೌದು ಮಗಾ, ಯಾರದ್ದೋ ತಂದ್ಬಿಟ್ಟೆ' ಅಂದು ಮುಚ್ಚಳ ಹಾಕ್ಕೊಂಡು ಹೋದ್ಲು. ಊಟಾನೂ ಮಾಡ್ಲಿಲ್ಲ."

ಮೇಜಿನ ಮೇಲಿದ್ದ ತಮ್ಮ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಅವತ್ತಿಂದ ಮುಚ್ಚಳ ಹಾಕೋದು ಬಿಟ್ಟೆ. ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಅದು ಹೇಗಿರುತ್ತೆ ಅಂತ ಗೊತ್ತು, ಅಷ್ಟೆ."

ಆ ತಿಂಗಳೇ ಮೇಡಂಗೆ ನೋಟಿಸು ಬಂತು. ಶಾಲೆಯ ಆವರಣದಲ್ಲಿ ಮಾಂಸ ತಂದು ಮಕ್ಕಳಿಗೆ ಪ್ರದರ್ಶಿಸಿದರು ಎಂಬುದು ಆರೋಪ. ಹಿರಿತನದ ಪ್ರಕಾರ ಮುಂದಿನ ವರ್ಷ ಮುಖ್ಯೋಪಾಧ್ಯಾಯಿನಿ ಆಗಬೇಕಿದ್ದವರು ಅವರು. ಸಾಕ್ಷಿಗೆಂದು ಟೈಪು ಮಾಡಿದ ಒಂದು ಹಾಳೆ ಸ್ಟಾಫ್ ರೂಮಿನಲ್ಲಿ ಸುತ್ತಿತು. ಕೆಲವರು ಓದಿ ಸಹಿ ಹಾಕಿದರು, ಕೆಲವರು ಓದದೆ ಹಾಕಿದರು. ನನ್ನನ್ನು ಕಾರ್ಯದರ್ಶಿ ತಮ್ಮ ಕೋಣೆಗೇ ಕರೆಸಿದರು.

"ಇಲ್ಲಿ ಹಾಕಿ ಮೇಡಂ."

ಹಾಳೆ ಓದಿದೆ. ಹಿಂದಕ್ಕೆ ಸರಿಸಿದೆ. "ಮಾಂಸ ಇರಲಿಲ್ಲ ಸಾರ್" ಎಂದೆ.

"ಎಲ್ರೂ ಹಾಕಿದಾರೆ. ನಿಮಗೆ ಹೇಗೆ ಗೊತ್ತು ಇರಲಿಲ್ಲ ಅಂತ?"

"ಸೀಸೆ ಎಲ್ಲ ನಾನೇ ಮುಟ್ಟಿದೀನಿ. ಚೀಟಿ ಅಂಟಿಸಿದೋಳು ನಾನು. ಬರೀ ಪುಡಿ ಸಾರ್." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಎಲ್ಲಿಂದ ಬಂತೋ ತಿಳಿಯದು, "ಆ ಪುಡಿ ನನಗೆ ಚೆನ್ನಾಗಿ ಗೊತ್ತು. ನಮ್ಮನೇಲೂ ಮಾಡ್ತೀವಿ" ಎಂದೂ ಹೇಳಿಬಿಟ್ಟೆ.

ಕಾರ್ಯದರ್ಶಿ ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ನಾನು ಸಹಿ ಹಾಕದೆ ಎದ್ದು ಬಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಇದರಿಂದ ಮೇಡಂಗೆ ದೊಡ್ಡ ಉಪಕಾರವೇನೂ ಆಗಲಿಲ್ಲ. ಅವರದು ಸರ್ಕಾರದ ಅನುದಾನದ ಹುದ್ದೆ. ತೆಗೆದುಹಾಕುವುದು ಕಷ್ಟವಿತ್ತು, ಬಡ್ತಿ ತಪ್ಪಿಸುವುದು ಸುಲಭವಿತ್ತು. ಅವರಿಗಿಂತ ಆರು ವರ್ಷ ಕಿರಿಯರು ಮುಖ್ಯೋಪಾಧ್ಯಾಯಿನಿಯಾದರು. ಕ್ಷಮಾಪಣೆ ಬರೆದುಕೊಟ್ಟರೆ ಮುಂದೆ ನೋಡೋಣ ಎಂದು ಆಡಳಿತ ಮಂಡಳಿಯವರು ಹೇಳಿ ಕಳಿಸಿದರು. "ಯಾವ ತಪ್ಪಿಗೆ ಅಂತ ಅವರು ಮೊದಲು ಬರೆದುಕೊಡಲಿ" ಎಂದು ಇವರು ತಿರುಗಿ ಹೇಳಿ ಕಳಿಸಿದರು. ಪ್ರತಿ ವರ್ಷ ಪ್ರದರ್ಶನದ ದಿನ ಇಸ್ತ್ರಿಯವನ ಗಾಡಿ ಫುಟ್‌ಪಾತಿನ ಮೇಲೆ ಬಂತು. ಎರಡನೆಯ ವರ್ಷದಿಂದ ಚೀಟಿಗಳನ್ನು ಬರೆಯುವ ಹುಡುಗಿಯರ ಕಾಗುಣಿತ ತಿದ್ದುವ ಕೆಲಸ ನನ್ನದು. ತಿದ್ದಿ, ನಾನೂ ಗಾಡಿಯ ಪಕ್ಕ ನಿಂತೆ.

ನಮ್ಮ ಮನೆ ಮಾಲೀಕರಿಗೂ ಸುದ್ದಿ ಹೇಗೋ ಮುಟ್ಟಿತು. ಮೂರು ತಿಂಗಳ ಗಡುವು ಕೊಟ್ಟರು. ಮನೆ ಹುಡುಕಲು ಮೇಡಂ ನನ್ನ ಜೊತೆ ಬಂದರು. ಶನಿವಾರ ಮಧ್ಯಾಹ್ನ ಗವಿಪುರಂ, ಚಾಮರಾಜಪೇಟೆ, ಬಸವನಗುಡಿಯ ಬೀದಿಗಳಲ್ಲಿ ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ಗಂಟೆ ಒತ್ತುವುದು. ಅವರದೊಂದೇ ಷರತ್ತು: ಮನೆಯವರು ಕೇಳುವ ಮುಂಚೆ ನಾನೇ ಹೇಳಬೇಕು. ಮೊದಲ ಮನೆಯಲ್ಲಿ ನನ್ನ ದನಿ ಹೊರಡಲಿಲ್ಲ. ನಾಲ್ಕನೆಯದರಲ್ಲಿ ಸಲೀಸಾಗಿ ಬಂತು. "ನಮಸ್ಕಾರ, ಮನೆ ನೋಡೋಕೆ ಬಂದ್ವಿ. ನಾವು ಭಾನುವಾರ ಮಟನ್ ಮಾಡ್ತೀವಿ." ಎಷ್ಟೋ ಬಾಗಿಲು ಮುಚ್ಚಿದವು. ಒಂದು ಮನೆಯ ಅಜ್ಜಿಯಂತೂ ಬಾಗಿಲು ಹಾಕಿ, ಮತ್ತೆ ತೆರೆದು, "ಒಳ್ಳೆ ಜನ ಹಾಗಿದ್ದೀರಿ, ಯಾಕೆ ತಿಂತೀರಿ?" ಎಂದು ನಿಜವಾದ ಮರುಕದಿಂದ ಕೇಳಿದರು. ಮೇಡಂ ಅಷ್ಟೇ ಮರುಕದಿಂದ, "ರುಚಿಯಾಗಿರುತ್ತಮ್ಮಾ" ಎಂದರು. ಬೀದಿ ತಿರುವಿನವರೆಗೂ ನಗುತ್ತ ಹೋದೆವು. ಗಡುವಿಗೆ ಎರಡು ವಾರ ಇರುವಾಗ ಗವಿಪುರಂನಲ್ಲಿ ಮನೆ ಸಿಕ್ಕಿತು. ಮಾಲೀಕರು ಸಸ್ಯಾಹಾರಿಗಳೇ. ನನ್ನ ಮಾತು ಕೇಳಿ, "ಅದು ನಿಮ್ಮ ಒಲೆ ಮೇಲಿನ ವಿಷಯ, ನೀರಿಗೆ ಮೋಟರ್ ಹಾಕೋದು ಮರೀಬೇಡಿ" ಎಂದರು.

ಮೇಡಂ ಸಹ ಶಿಕ್ಷಕಿಯಾಗಿಯೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಲು ಕಾರ್ಯದರ್ಶಿ ಬಂದಾಗ ಕುರ್ಚಿಯಿಂದ ಏಳದೆ ಹಾಗೇ ಕೂತು ಹೊದಿಸಿಕೊಂಡರು. ಮರುವರ್ಷ ಹೃದಯದ ತೊಂದರೆಯಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ಹನ್ನೊಂದನೆಯ ದಿನದ ಕಾರ್ಯದ ಉಸ್ತುವಾರಿಯನ್ನು ಅವರ ತಮ್ಮ ವಹಿಸಿಕೊಂಡಿದ್ದರು. ಜಮೀನು ವ್ಯವಹಾರದಲ್ಲಿ ಮೇಲೆ ಬಂದವರು, ರಾಜಕೀಯದವರ ಒಡನಾಟ.

"ಭಾವಾ, ದೊಡ್ಡವರೆಲ್ಲ ಬರ್ತಾರೆ. ಎಡೆಗೂ ಊಟಕ್ಕೂ ವೆಜ್ಜೇ ಮಾಡಿಸ್ಬಿಡೋಣ. ಹೇಗೂ ನೀವೂ ತಿನ್ನಲ್ವಲ್ಲ" ಎಂದರು ತಮ್ಮ.

ಯಜಮಾನರು ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ, ಆಗಲೂ ಏರಿಸಲಿಲ್ಲ. "ಎಡೆ ನನಗಲ್ಲ ಕಣಪ್ಪಾ, ಅವಳಿಗೆ" ಎಂದರು. ಕಾರ್ಯದ ದಿನ ಬೆಳಿಗ್ಗೆ ತಾವೇ ಮಾಂಸ ತರಿಸಿದರು. ತೋಳು ಮಡಚಿ, ಅಡುಗೆಯವರ ಮುಂದಿದ್ದ ಮಾಂಸದ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಮದುವೆಗೆ ಮುಂಚಿನಿಂದಲೂ ಮುಟ್ಟದಿದ್ದದ್ದು. ಬೆರಳು ಮೊದಲು ಹಿಂಜರಿದವು. ಹೆಂಡತಿ ಕೊನೆಯದಾಗಿ ಕುಟ್ಟಿಟ್ಟಿದ್ದ ಪುಡಿಯನ್ನು ಅವರು ಒಂದೊಂದು ತುಂಡಿಗೂ ನಿಧಾನವಾಗಿ ಹಚ್ಚಿದರು. ಕಣ್ಣಿಂದ ನೀರಿಳಿದಾಗ ಒರೆಸಿಕೊಳ್ಳಲು ಕೈ ಬರುವಂತಿರಲಿಲ್ಲ. ಭುಜಕ್ಕೆ ಕೆನ್ನೆ ಒತ್ತಿಕೊಂಡರು.

ಊಟಕ್ಕೆ ಬೀದಿಯಲ್ಲೇ ಶಾಮಿಯಾನ. ಎಲೆ ಹಾಕುವ ಹೊತ್ತಿಗೆ ಆ ತಮ್ಮನವರು ಬೀದಿಯ ಕಡೆಗೆ ಬಟ್ಟೆಯ ಪರದೆ ಕಟ್ಟಿಸಿದ್ದರು. ಅಕ್ಕಪಕ್ಕದವರು ನೋಡುತ್ತಾರೆ ಎಂದು.

ಯಜಮಾನರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು. "ಪರದೆ ಬಿಚ್ಚಿ" ಎಂದರು. ಯಾರೂ ಅಲ್ಲಾಡದಿದ್ದಾಗ ತಾವೇ ಹೋಗಿ ಒಂದು ತುದಿಯ ಗಂಟು ಬಿಚ್ಚತೊಡಗಿದರು. ಇನ್ನೊಂದು ತುದಿಗೆ ನಾನು ಹೋದೆ.

ಪರದೆ ಕೆಳಗೆ ಬಿತ್ತು. ನಾವು ಬೀದಿಗೆ ಮುಖ ಮಾಡಿ ಕೂತು ಉಂಡೆವು.